ಆಟಕ್ಕೆ ಒದಗುವ ಅಗ್ಗದ ಟಿ.ವಿ.: ತುಮಕೂರಿನ ಮಳಿಗೆಗಳಲ್ಲಿ ಕಂಡ 43 ಇಂಚಿನ ಸೆಟ್‌ಗಳು

ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಂಥ ಆಟದ ಕನ್ಸೋಲ್ ಕೊಂಡ ಮೇಲೆ ಟಿ.ವಿ.ಗೆಂದು ಉಳಿಯುವ ಹಣ ನಮ್ಮಲ್ಲಿ ಸಾಮಾನ್ಯವಾಗಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸಿನದು. ಆ ಹಣಕ್ಕೆ ತುಮಕೂರಿನ ಎಂ.ಜಿ. ರಸ್ತೆ ಮತ್ತು ಬಿ.ಎಚ್. ರಸ್ತೆಯ ಮಳಿಗೆಗಳಲ್ಲಿ ಸಿಗುವ ಸೆಟ್‌ಗಳನ್ನು, ಸಿನಿಮಾ ಧಾರಾವಾಹಿಗಳ ಮಾತನ್ನು ಬದಿಗಿಟ್ಟು, ಆಟವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ನೋಡಿ ಬರೆದ ವಿಮರ್ಶೆ ಇದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬೆಲೆಯಲ್ಲಿ ಕೊಳ್ಳಬೇಕಾದದ್ದು ಪ್ರಾಮಾಣಿಕವಾದ 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ ತೋರಿಸುವ) ಪರದೆಯ, ಗೇಮ್ ಮೋಡ್ ಸರಿಯಾಗಿ ಕೆಲಸ ಮಾಡುವ 43 ಇಂಚಿನ 4ಕೆ ಸೆಟ್; ಡಬ್ಬದ ಮೇಲೆ ‘120’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡು ಬರುವ ಅಗ್ಗದ ಸೆಟ್‌ಗಳ ಬಗ್ಗೆ ಎಚ್ಚರವಾಗಿರುವುದು ಒಳ್ಳೆಯದು.

ಆಟದವರಿಗೆ ಟಿ.ವಿ.ಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ವಿಳಂಬ, ಅಂದರೆ ಲ್ಯಾಗ್. ಮಳಿಗೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಗುಣವೂ ಅದೇ. ಟಿ.ವಿ. ತನಗೆ ಬಂದ ಚಿತ್ರವನ್ನು ಬಂದ ಹಾಗೆಯೇ ತೋರಿಸುವುದಿಲ್ಲ. ಬಣ್ಣ ಏರಿಸುತ್ತದೆ, ಅಂಚುಗಳನ್ನು ಚೂಪು ಮಾಡುತ್ತದೆ, ಎರಡು ಚಿತ್ರಗಳ ನಡುವೆ ತಾನೇ ಇನ್ನೊಂದನ್ನು ಕಲ್ಪಿಸಿ ಸೇರಿಸಿ ಚಲನೆಯನ್ನು ನಯಗೊಳಿಸುತ್ತದೆ. ಈ ಕೊನೆಯ ಕೆಲಸಕ್ಕಂತೂ ಮುಂದಿನ ಚಿತ್ರ ಕೈಗೆ ಬರುವವರೆಗೆ ಅದು ಕಾಯಲೇಬೇಕು. ಸಿನಿಮಾ ನೋಡುವಾಗ ಧ್ವನಿಯನ್ನೂ ಅಷ್ಟೇ ತಡೆದು ಬಿಡುವುದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಆಟದಲ್ಲಿ ಹಾಗಲ್ಲ. ಸೆಕೆಂಡಿಗೆ 60 ಚಿತ್ರ ಕಳುಹಿಸುವ ಕನ್ಸೋಲಿನ ಒಂದೊಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್, ಎಲ್ಲ ಅಲಂಕಾರಗಳನ್ನೂ ಚಾಲೂ ಇಟ್ಟುಕೊಂಡ ಸೆಟ್ 100 ಮಿಲಿಸೆಕೆಂಡ್ ತಡಮಾಡಿದರೆ ನೀವು ನೋಡುತ್ತಿರುವುದು ಆರು ಚಿತ್ರಗಳಷ್ಟು ಹಳೆಯ ಆಟವನ್ನು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರನ ಕೈಬಿಟ್ಟು ಬ್ಯಾಟ್ಸ್‌ಮನ್ ಬಳಿ ಬರಲು ಹಿಡಿಯುವುದು ಸುಮಾರು ಅರ್ಧ ಸೆಕೆಂಡ್. ಅದರಲ್ಲಿ ಐದನೆಯ ಒಂದು ಪಾಲನ್ನು ಟಿ.ವಿ.ಯೇ ನುಂಗಿಹಾಕಿದರೆ ಕ್ರಿಕೆಟ್ ಆಟದಲ್ಲಿ ಯಾವ ಹೊಡೆತವೂ ಕೂಡಿಬರುವುದಿಲ್ಲ, ಆಡುವವನು ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ.

ಗೇಮ್ ಮೋಡ್ ಮಾಡುವುದು ಈ ಅಲಂಕಾರಗಳನ್ನೆಲ್ಲ ಕಳಚಿ ಚಿತ್ರವನ್ನು ನೇರವಾಗಿ ಪರದೆಗೆ ಕಳುಹಿಸುವ ಕೆಲಸ. ಸ್ಯಾಮ್‌ಸಂಗ್‌ನ ಕ್ರಿಸ್ಟಲ್ 4ಕೆ, ಎಲ್‌ಜಿಯ ಯುಆರ್ ಸರಣಿಯಂಥ ಸೆಟ್‌ಗಳು 60 ಹರ್ಟ್ಸ್‌ನವೇ ಆದರೂ ಗೇಮ್ ಮೋಡ್‌ನಲ್ಲಿ ಗುಂಡಿ ಒತ್ತಿದ ತಕ್ಷಣ ಓಗೊಡುತ್ತವೆ. ಕನ್ಸೋಲ್ ಚಾಲೂ ಆದದ್ದನ್ನು ತಾವೇ ಗುರುತಿಸಿ ಆ ಮೋಡ್‌ಗೆ ಹೊರಳುವ ಸೌಲಭ್ಯವೂ ಇವುಗಳಲ್ಲಿದೆ. ಅದನ್ನು ವಿವರಪಟ್ಟಿಯಲ್ಲಿ ಎಎಲ್‌ಎಲ್‌ಎಂ ಎಂದು ನಮೂದಿಸಿರುತ್ತಾರೆ. ಕಡಿಮೆ ಬೆಲೆಯ ಕೆಲವು ಸೆಟ್‌ಗಳಲ್ಲಿ ‘ಗೇಮ್’ ಎಂಬ ಹೆಸರಿರುತ್ತದೆ, ಆಯ್ದರೆ ಬಣ್ಣ ಗಾಢವಾಗುತ್ತದೆ, ತಡ ಮಾತ್ರ ಇದ್ದಷ್ಟೇ ಇರುತ್ತದೆ.

ಇದನ್ನು ಕಣ್ಣಾರೆ ಪರೀಕ್ಷಿಸದೆ ತಿಳಿಯಲಾಗದು. ಮಳಿಗೆಗಳಲ್ಲಿ ಓಡುತ್ತಿರುವುದು ಪೆನ್‌ಡ್ರೈವ್‌ನಲ್ಲಿ ತುಂಬಿಟ್ಟ ಜಲಪಾತ, ಗಿಳಿ, ಹೂವುಗಳ ಪ್ರದರ್ಶನ ಚಿತ್ರ. ಅದರಿಂದ ಆಟದ ವಿಷಯದಲ್ಲಿ ಕಿಂಚಿತ್ತೂ ಗೊತ್ತಾಗುವುದಿಲ್ಲ. ಆದ್ದರಿಂದ ಕನ್ಸೋಲನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಭಾನುವಾರದ ಸಂಜೆಯ ನೂಕುನುಗ್ಗಲನ್ನು ಬಿಟ್ಟು ವಾರದ ನಡುವಿನ ಬೆಳಗಿನ ಹೊತ್ತನ್ನು ಆರಿಸಿಕೊಂಡು, ‘ಸ್ವಲ್ಪ ಹೊತ್ತು ಜೋಡಿಸಿ ನೋಡ್ತೀನಿ’ ಎಂದು ಕೇಳಬೇಕು. ಚಿಕ್ಕ ಅಂಗಡಿಯವರು ಇದಕ್ಕೆ ಬೇಗ ಒಪ್ಪುತ್ತಾರೆ; ಒಂದು ದೊಡ್ಡ ಮಳಿಗೆಯಲ್ಲಿ ಮಾತ್ರ ‘ಡೆಮೊ ತೆಗೆಯೋ ಹಾಗಿಲ್ಲ ಸಾರ್, ಕಂಪನಿ ರೂಲ್ಸು’ ಎಂಬ ಉತ್ತರ ಸಿಕ್ಕಿತು. ಅಲ್ಲಿಗೆ ಆ ಮಳಿಗೆಯ ಮಾತು ಮುಗಿಯಿತು. ಜೋಡಿಸಲು ಬಿಟ್ಟ ಕಡೆ, ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಕಂಟ್ರೋಲರ್ ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ, ಹೆಬ್ಬೆರಳು ಗುಂಡಿ ಒತ್ತಿದ ಕ್ಷಣದಿಂದ ಪರದೆಯಲ್ಲಿ ಚಲನೆ ಕಾಣುವವರೆಗಿನ ಚಿತ್ರಗಳನ್ನು ಎಣಿಸಬಹುದು. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿನಲ್ಲಿ ಒಂದೊಂದೂ ಸುಮಾರು 4 ಮಿಲಿಸೆಕೆಂಡಿಗೆ ಸಮ. ಬರುವ ಮೊತ್ತದಲ್ಲಿ ಕನ್ಸೋಲಿನ ಮತ್ತು ಆಟದ ಸ್ವಂತ ವಿಳಂಬವೂ ಸೇರಿರುವುದರಿಂದ ಅದನ್ನು ಟಿ.ವಿ.ಯ ಲೆಕ್ಕವೆಂದು ಹಿಡಿಯಬಾರದು. ಒಂದೇ ಆಟವನ್ನು ಎರಡು ಸೆಟ್‌ಗಳಲ್ಲಿ ಆಡಿ ವ್ಯತ್ಯಾಸವನ್ನಷ್ಟೇ ಗಮನಿಸಬೇಕು.

ಇನ್ನು ಸ್ಪಷ್ಟತೆಯ ವಿಚಾರ. 32 ಇಂಚಿನ ಅಗ್ಗದ ಸೆಟ್‌ಗಳಲ್ಲಿ ಬಹುಪಾಲು ಎಚ್‌ಡಿ ರೆಡಿ, ಅಂದರೆ 1366×768 ಪಿಕ್ಸೆಲ್‌ನವು. ಕನ್ಸೋಲಿನಿಂದ ಬರುವ 1080 ಸಾಲುಗಳನ್ನು 768ಕ್ಕೆ ಹಿಂಡುವಾಗ ಆಟದೊಳಗಿನ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ, ನಕ್ಷೆಯ ಮೇಲಿನ ಹೆಸರು ಓದಲು ಎದ್ದುಹೋಗಿ ಪರದೆಯ ಮುಂದೆ ನಿಲ್ಲಬೇಕಾಗುತ್ತದೆ. ಹಳೆಯ ಪ್ಲೇಸ್ಟೇಷನ್ 4ಕ್ಕೂ ನಾನು ಇದನ್ನು ಶಿಫಾರಸು ಮಾಡಲಾರೆ. ಆದರೆ ಸಾಮಾನ್ಯ ಪ್ಲೇಸ್ಟೇಷನ್ 4 ಹೊರಗೆ ಕಳುಹಿಸುವುದೇ ಗರಿಷ್ಠ 1080 ಸಾಲುಗಳಾದ್ದರಿಂದ, ಅದನ್ನಷ್ಟೇ ಇಟ್ಟುಕೊಂಡವರಿಗೆ 1920×1080ರ ಫುಲ್ ಎಚ್‌ಡಿ ಸೆಟ್ ಧಾರಾಳವಾಗಿ ಸಾಕು. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ.; ಫುಲ್ ಎಚ್‌ಡಿಯಲ್ಲಿ ಒಂದೊಂದು ಪಿಕ್ಸೆಲ್ ಅರ್ಧ ಮಿಲಿಮೀಟರಿನಷ್ಟಿರುತ್ತದೆ, ಒಳ್ಳೆಯ ಕಣ್ಣಿಗೂ ಐದೂವರೆ ಅಡಿಯಿಂದಾಚೆ ಅದು ಬಿಡಿಯಾಗಿ ಕಾಣುವುದಿಲ್ಲ. ಎಸ್.ಎಸ್. ಪುರಂನ ಹಳೆಯ ಮನೆಗಳ ಹಜಾರದಲ್ಲಿ ಸೋಫಾದಿಂದ ಎದುರುಗೋಡೆಗೆ ಎಂಟು ಹತ್ತು ಅಡಿ ಇದ್ದೇ ಇರುತ್ತದೆ, ಅಲ್ಲಿ 4ಕೆಯ ಹೆಚ್ಚುಗಾರಿಕೆ ಬಹುಮಟ್ಟಿಗೆ ಕಾಗದದ ಮೇಲಿನದು. ಎಂಜಿನಿಯರಿಂಗ್ ಓದುವ ಹುಡುಗರ ಬಾಡಿಗೆ ಕೋಣೆಯ ಕಥೆ ಬೇರೆ. ಮಂಚದ ಅಂಚಿನಲ್ಲಿ ಕುಳಿತರೆ ಟಿ.ವಿ.ಗೂ ಮುಖಕ್ಕೂ ನಾಲ್ಕೇ ಅಡಿ, ಅಲ್ಲಿ 4ಕೆಯ ನಯ ಎದ್ದು ಕಾಣುತ್ತದೆ. ಹಾಗಿದ್ದೂ ಎಲ್ಲರಿಗೂ 4ಕೆ ಎನ್ನಲು ನನಗಿರುವ ಕಾರಣ ಪಿಕ್ಸೆಲ್ ಅಲ್ಲ. 43 ಇಂಚಿನಲ್ಲಿ ಫುಲ್ ಎಚ್‌ಡಿ ಸೆಟ್‌ಗಳು ಕಡಿಮೆಯಾಗುತ್ತ ಬಂದಿವೆ, ಉಳಿದವುಗಳಲ್ಲಿ ಗೇಮ್ ಮೋಡ್‌ಗೆ ಗಮನ ಕೊಟ್ಟವು ಇನ್ನೂ ಕಡಿಮೆ.

ಈಗ ‘120’ರ ಸಂಗತಿ. ‘ಅದರಲ್ಲಿ ಅರವತ್ತು ಸಾರ್, ಇದರಲ್ಲಿ ನೂರಿಪ್ಪತ್ತು, ಡಬ್ಬಲ್’ ಎಂದು ಮಾರಾಟದ ಹುಡುಗ ಉತ್ಸಾಹದಿಂದ ಹೇಳುತ್ತಾನೆ. ಅವನಿಗೆ ಕಲಿಸಿಕೊಟ್ಟದ್ದೇ ಅಷ್ಟು. ಈ ಬೆಲೆಯಲ್ಲಿ ಆ ಸಂಖ್ಯೆ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಮೇಲೆ ಹೇಳಿದ ಕಲ್ಪಿತ ಚಿತ್ರಗಳನ್ನು ಸೇರಿಸಿ ಎಣಿಸಿದ ‘ಮೋಷನ್’ ಲೆಕ್ಕ, ಆಟಕ್ಕೆ ಅದು ಉಪಯೋಗವಿಲ್ಲದ್ದು ಮಾತ್ರವಲ್ಲ, ಹಾನಿಕರವೂ ಹೌದು. ಇನ್ನೊಂದು ಡಿಎಲ್‌ಜಿ ಎಂಬ ಉಪಾಯ. ಇದರಲ್ಲಿ ಪರದೆಯ ಎರಡೆರಡು ಸಾಲುಗಳನ್ನು ಒಟ್ಟಿಗೆ ಒಂದೇ ಚಿತ್ರಕ್ಕೆ ಬಳಸಿ, ಎತ್ತರದ ದಿಕ್ಕಿನ ಸ್ಪಷ್ಟತೆಯನ್ನು ಅರ್ಧಕ್ಕೆ ಇಳಿಸಿ, 60 ಹರ್ಟ್ಸ್ ಪರದೆಯಿಂದಲೇ 120 ಹೊರಡಿಸುತ್ತಾರೆ. ಓಟ ಮತ್ತು ಗುಂಡಿನ ಆಟಗಳನ್ನು ವೇಗಕ್ಕಾಗಿಯೇ ಆಡುವವರಿಗೆ ಇದರಿಂದ ನಿಜವಾದ ಲಾಭವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪೂರ್ಣ 4ಕೆಯಲ್ಲಿ 120 ಸಿಗುತ್ತದೆಂದು ನಂಬಿ ಹಣ ತೆರುವವರಿಗೆ ಅದು ಸಿಗುವುದಿಲ್ಲ. ಕನ್ಸೋಲನ್ನು ಟಿ.ವಿ.ಗೆ ಜೋಡಿಸುವ ಕಿಂಡಿಯ ಮೇಲಿನ ಎಚ್‌ಡಿಎಂಐ 2.1 ಎಂಬ ಮುದ್ರೆಯೂ ಭರವಸೆಯಲ್ಲ. ಆ ಮಾನದಂಡದ ಸೌಲಭ್ಯಗಳಲ್ಲಿ ಹೆಚ್ಚಿನವು ಐಚ್ಛಿಕವಾದ್ದರಿಂದ, 4ಕೆ 120 ಇಲ್ಲದ ಸೆಟ್ಟೂ ಆ ಹೆಸರನ್ನು ಹಾಕಿಕೊಳ್ಳಬಹುದು. ಆಟದ ಚಿತ್ರಗಳ ವೇಗಕ್ಕೆ ತಕ್ಕಂತೆ ಪರದೆಯ ವೇಗವನ್ನೂ ಹೊಂದಿಸುವ ಪ್ಲೇಸ್ಟೇಷನ್ 5ರ ವಿಆರ್‌ಆರ್ ಸೌಲಭ್ಯ 48ರಿಂದ 120 ಹರ್ಟ್ಸ್ ವ್ಯಾಪ್ತಿಯಲ್ಲಿ ನಡೆಯುವಂಥದ್ದು, ಅದಕ್ಕಾಗಿ ಆಸೆಪಡುವವರು ಬಜೆಟ್ಟನ್ನೇ ಏರಿಸಿಕೊಳ್ಳಬೇಕು.

ಬೆಳಕು ಕತ್ತಲೆಗಳ ಅಂತರವನ್ನು ಹಿಗ್ಗಿಸಿ ತೋರಿಸುವ ಎಚ್‌ಡಿಆರ್ ವಿಷಯವನ್ನು ಚುಟುಕಾಗಿ ಮುಗಿಸಬಹುದು. ಈ ಬೆಲೆಯ ಸೆಟ್‌ಗಳ ಬೆಳಕು 300 ನಿಟ್ಸ್‌ನ ಆಚೀಚೆ. ಎಚ್‌ಡಿಆರ್ ಸಂಕೇತವನ್ನು ಅವು ಸ್ವೀಕರಿಸುತ್ತವೆ, ತೋರಿಸುವ ಶಕ್ತಿ ಅವಕ್ಕಿಲ್ಲ. ಕತ್ತಲೆಯ ದೃಶ್ಯಗಳು ಮಂಕಾದರೆ ಕನ್ಸೋಲಿನಲ್ಲಿ ಎಚ್‌ಡಿಆರ್ ಅನ್ನು ಆಫ್ ಮಾಡಿಬಿಡುವುದೇ ಮೇಲು. ಪ್ಯಾನೆಲ್‌ನಲ್ಲಿ ವಿಎ ಬಗೆಯದು ಕಪ್ಪನ್ನು ಚೆನ್ನಾಗಿ ತೋರಿಸುತ್ತದೆ, ಐಪಿಎಸ್ ಬಗೆಯದು ಪಕ್ಕದಿಂದ ನೋಡಿದರೂ ಬಣ್ಣ ಕೆಡಿಸಿಕೊಳ್ಳುವುದಿಲ್ಲ. ಒಬ್ಬರೇ ರಾತ್ರಿ ಆಡುವವರಿಗೆ ಮೊದಲನೆಯದು, ನಾಲ್ವರು ಚಾಪೆಯ ಮೇಲೆ ಸಾಲಾಗಿ ಕೂತು ಆಡುವ ಮನೆಗೆ ಎರಡನೆಯದು.

ಸೆಟ್ ಮನೆಗೆ ಬಂದ ಮೇಲೆ ಮಾಡಲೇಬೇಕಾದ ಕೆಲಸವೊಂದನ್ನು ಜೋಡಿಸಲು ಬಂದವರು ಮಾಡಿಕೊಡುವುದಿಲ್ಲ. ಅನೇಕ ಸೆಟ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ಕಾರ್ಖಾನೆಯಲ್ಲಿ ಮುಚ್ಚಿಟ್ಟಿರುತ್ತಾರೆ; ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್ ಎಂಬ ಹೆಸರಿನ ಆಯ್ಕೆಯನ್ನು ಹುಡುಕಿ, ಕನ್ಸೋಲ್ ಸಿಕ್ಕಿಸಿದ ಕಿಂಡಿಗೆ ಅದನ್ನು ಚಾಲೂ ಮಾಡಬೇಕು.

ಕೊಳ್ಳುವ ಜಾಗದ ಬಗ್ಗೆ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಹಳೆಯ ಬೆಲೆಚೀಟಿ ಅಂಟಿಸಿಕೊಂಡ ಸೆಟ್ಟೇನಾದರೂ ಕಂಡರೆ ಕೇಳಿ ತಿಳಿದುಕೊಳ್ಳಿ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ಕಡಿಮೆಗೆ ಸಿಗುವುದುಂಟು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ಸಿಗಬಹುದು. ಆದರೆ 70 ಕಿ.ಮೀ. ದೂರದಿಂದ ಗಾಜಿನ ಪರದೆಯನ್ನು ಹೊತ್ತು ತರುವ ತಾಪತ್ರಯ ಮತ್ತು ಪರದೆಯಲ್ಲಿ ಗೆರೆ ಬಂದಾಗ ಯಾರ ಬಾಗಿಲು ತಟ್ಟಬೇಕೆಂಬ ಪ್ರಶ್ನೆಯನ್ನು ಲೆಕ್ಕಕ್ಕೆ ಹಿಡಿದರೆ, ಜೋಡಿಸಿ ನೋಡಲು ಬಿಡುವ ಊರಿನ ಅಂಗಡಿಗೆ ಆ ಸಾವಿರವನ್ನು ಕೊಡುವುದರಲ್ಲಿ ನಷ್ಟವಿಲ್ಲ. ಯಾವ ಕಂಪನಿಯ ಸರ್ವಿಸ್ ತಂತ್ರಜ್ಞರು ತುಮಕೂರಿನಲ್ಲೇ ಇದ್ದಾರೆ, ಯಾರು ಬೆಂಗಳೂರಿನಿಂದ ಬರಬೇಕು ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು.

ಬೆಸ್ಕಾಂ ವಿದ್ಯುತ್ತಿನ ಬಗ್ಗೆಯೂ ಒಂದು ಮಾತು. ಬಹಳ ಮನೆಗಳಲ್ಲಿ ಇನ್ವರ್ಟರ್ ಲೈನು ದೀಪ, ಫ್ಯಾನು ಮತ್ತು ಟಿ.ವಿ.ಗೆ ಇರುತ್ತದೆ, ಕನ್ಸೋಲನ್ನು ಮಾತ್ರ ಪಕ್ಕದ ಬೇರೆ ಪ್ಲಗ್ಗಿಗೆ ಹಾಕಿರುತ್ತಾರೆ. ಕರೆಂಟು ಹೋದಾಗ ಟಿ.ವಿ. ಉಳಿದು, ಆಟವನ್ನು ಉಳಿಸಿಕೊಳ್ಳುತ್ತಿದ್ದ ಕನ್ಸೋಲ್ ಅರ್ಧದಲ್ಲಿ ಆರಿದರೆ ಅದರೊಳಗಿನ ದತ್ತಾಂಶ ಕೆಡುವ ಸಂಭವವಿದೆ. 43 ಇಂಚಿನ ಸೆಟ್‌ಗೆ ನೂರು ವ್ಯಾಟ್‌ನೊಳಗೆ, ಆಡುತ್ತಿರುವ ಪ್ಲೇಸ್ಟೇಷನ್ 5ಕ್ಕೆ ಸುಮಾರು 200 ವ್ಯಾಟ್ ಬೇಕಾಗುವುದರಿಂದ, ಸೈನ್ ವೇವ್ ಬಗೆಯ ಇನ್ವರ್ಟರ್ ಇದ್ದರೆ ಎರಡನ್ನೂ ಅದಕ್ಕೇ ಸೇರಿಸಬಹುದು. ಇಲ್ಲದಿದ್ದರೆ ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್ ಒಂದು, ಆಟ ಉಳಿಸಿ ಕ್ರಮವಾಗಿ ಆರಿಸುವಷ್ಟು ನಿಮಿಷಗಳನ್ನು ಕೊಡುತ್ತದೆ. ಟಿ.ವಿ.ಯ ಬಜೆಟ್ ಹಾಕುವಾಗಲೇ ಇದರ ಮೂರು ನಾಲ್ಕು ಸಾವಿರವನ್ನು ಎತ್ತಿಡಬೇಕು.