ಡೈ ಒಳಗೆ ಜಾರಿಸುವುದಾ, ಎಲ್‌ಡಿ ಬೆರೆಸುವುದಾ?

ಎಲ್‌ಎಲ್‌ಡಿಪಿಇ ಪ್ಲಾಸ್ಟಿಕ್‌ನಲ್ಲಿ ಫಿಲ್ಮ್ ತೆಗೆಯುವಾಗ ಬರುವ ತರಿ ಹೋಗಲಾಡಿಸಲು ಎರಡು ದಾರಿ: ಡೈ (ಕರಗಿದ ಮಾಲು ಹೊರಬರುವ ಅಚ್ಚು) ಒಳಗೆ ಮಾಲನ್ನು ಜಾರಿಸುವ ಪಿಪಿಎ ಎಂಬ ಸೇರ್ಪಡೆ, ಇಲ್ಲವೇ ಎಲ್‌ಡಿಪಿಇ (ಎಲ್‌ಡಿ) ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಬೆರಕೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಲ್‌ಡಿಪಿಇಗೆ. ಪೀಣ್ಯದಲ್ಲಿ ನಮ್ಮದು ಒಂದೇ ಬ್ಲೋನ್ ಫಿಲ್ಮ್ ಮೆಷಿನ್ (ಕರಗಿದ ಪ್ಲಾಸ್ಟಿಕ್ಕನ್ನು ಬಬಲ್‌ನಂತೆ ಊದಿ ಫಿಲ್ಮ್ ಮಾಡುವುದು), ಒಂದೇ ಶಿಫ್ಟ್. ಗೆರ್ಕಿನ್ (ಮಿಡಿಸೌತೆ) ಡ್ರಮ್ಮಿನೊಳಗೆ ಹಾಕುವ ಲೈನರ್ ಚೀಲವೇ ಜಾಸ್ತಿ, ನಡುನಡುವೆ ಬಿಳಿ ಬಣ್ಣದ ಲೋಕಲ್ ಜಾಬ್.

ಎಲ್‌ಎಲ್‌ಡಿಪಿಇ ಓಡಿಸುವವರಿಗೆ ಶಾರ್ಕ್‌ಸ್ಕಿನ್ ಅಂದರೇನು ಅಂತ ಹೇಳಬೇಕಿಲ್ಲ. ಸ್ಪೀಡ್ ಏರಿಸಿದರೆ ಸಾಕು, ಫಿಲ್ಮ್ ಉಪ್ಪುಕಾಗದದ ಹಾಗೆ ತರಿತರಿ. ಕರಗಿದ ಮಾಲು ಡೈ ಗೋಡೆಗೆ ಅಂಟಿಕೊಂಡೇ ಬರುತ್ತದೆ, ಲಿಪ್ (ಡೈ ಬಾಯಿ) ದಾಟಿದೊಡನೆ ಆ ಹೊರಪದರ ಒಮ್ಮೆಲೇ ಓಡಬೇಕಾಗುತ್ತದೆ, ಎಳೆದು ಬಿರಿಯುತ್ತದೆ. ಗೋಡೆಗುಂಟ ಮಾಲನ್ನು ಉಜ್ಜಿ ಎಳೆಯುವ ಒತ್ತಡ (ಶಿಯರ್ ಸ್ಟ್ರೆಸ್) ಸುಮಾರು 0.1 ಮೆಗಾಪಾಸ್ಕಲ್ ದಾಟಿತೆಂದರೆ ಇದು ಶುರು.

ಹಳೇ ಮದ್ದು ಫ್ಲೋರೋಪಾಲಿಮರ್ ಪಿಪಿಎ. ಅದು ಡೈ ಗೋಡೆಗೆ ತೆಳುವಾಗಿ ಬಳಿದುಕೊಳ್ಳುತ್ತದೆ, ಮಾಲು ಅದರ ಮೇಲೆ ಜಾರಿಕೊಂಡು ಬರುತ್ತದೆ. ಕೆಲಸದಲ್ಲಿ ಇದನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಆದರೆ ಇದು ಪಿಎಫ್‌ಎಎಸ್ ಗುಂಪಿನದು, ಅಂದರೆ ಪರಿಸರದಲ್ಲಿ ಸುಲಭಕ್ಕೆ ಅಳಿಯದ ಫ್ಲೋರಿನ್ ರಾಸಾಯನಿಕಗಳ ಸಾಲಿನದು. ಯುರೋಪಿನಲ್ಲಿ ಆಹಾರಕ್ಕೆ ತಾಗುವ ಪ್ಯಾಕಿಂಗ್‌ಗೆ 2026ರ ಆಗಸ್ಟ್ 12ರಿಂದ ಇದರ ಮಿತಿ ಬಿಗಿ. 3ಎಂ ಕಂಪನಿಯಂತೂ 2025ರ ಕೊನೆಗೆ ಪಿಎಫ್‌ಎಎಸ್ ತಯಾರಿಕೆಯನ್ನೇ ಬಿಡುತ್ತೇವೆ ಅಂತ 2022ರ ಡಿಸೆಂಬರ್‌ನಲ್ಲೇ ಹೇಳಿತ್ತು. ನಮ್ಮ ಗೆರ್ಕಿನ್ ಪಾರ್ಟಿ ಪಿಎಫ್‌ಎಎಸ್ ಇಲ್ಲ ಅನ್ನುವ ಕಾಗದ ಕೇಳಿದರು, ಅಲ್ಲಿಗೆ ಮುಗಿಯಿತು.

ಆಗ ಬಂತು ಫ್ಲೋರಿನ್ ಇಲ್ಲದ ಹೊಸ ಪಿಪಿಎ. ನಾನು ಏಮಾರಿದ್ದು ಇಲ್ಲೇ. ಮಾರುವವರ ಕಡೆಯವರು ಸ್ಯಾಂಪಲ್ ತಂದು ನಮ್ಮ ಮೆಷಿನ್‌ಗೇ ಹಾಕಿದರು. ಐದು ನಿಮಿಷದಲ್ಲಿ ಫಿಲ್ಮ್ ಗಾಜಿನ ಹಾಗೆ! ನಾನು ಖುಷಿಯಲ್ಲಿ ಅವತ್ತೇ ನಾಲ್ಕು ಚೀಲ ಆರ್ಡರ್ ಕೊಟ್ಟೆ. ಪಿಪಿಎ ಯಾವುದೇ ಇರಲಿ, ಗೋಡೆಗೆ ಕೂರೋದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆಯಾದರೂ ಬೇಕು, ಐದೇ ನಿಮಿಷಕ್ಕೆ ಹೊಳಪು ಬಂತು ಅಂದಾಗಲೇ ಸಂಶಯ ಬರಬೇಕಿತ್ತು. ಹೊಳೆಯುತ್ತಿದ್ದದ್ದು ಹೊಸ ಮಾಲಲ್ಲ, ತಿಂಗಳುಗಟ್ಟಲೆ ಓಡಿಸಿದ್ದ ಹಳೇ ಫ್ಲೋರೋ ಲೇಪ. ಮೂರನೇ ದಿನ ಬಿಳಿ ಜಾಬ್ ಓಡಿಸಿದೆವು. ಬಿಳಿ ಬಣ್ಣಕ್ಕೆ ಟೈಟಾನಿಯಂ ಡೈಆಕ್ಸೈಡ್, ಜೊತೆಗೆ ಕ್ಯಾಲ್ಸಿಯಂ ಫಿಲ್ಲರ್ ಪುಡಿ. ಇವೆರಡೂ ಸೇರಿ ಗೋಡೆಯನ್ನು ಉಜ್ಜಿ ಉಜ್ಜಿ ಲೇಪ ತೆಗೆದವು. ಸಂಜೆಗೆ ಪಟ್ಟೆಪಟ್ಟೆಯಾಗಿ ತರಿ, ರೋಲ್ ಪೂರಾ ವೇಸ್ಟ್.

ಆಮೇಲೆ ಡೈ ಬಿಚ್ಚಿ, ಹಿತ್ತಾಳೆ ಪಟ್ಟಿಯಲ್ಲಿ ಕೆರೆದು, ಫಿಲ್ಲರ್ ಮಾಲಿನಿಂದಲೇ ತೊಳೆದು, ಸೊನ್ನೆಯಿಂದ ಶುರು ಮಾಡಿದೆವು. ಹೊಸದು ಕೆಲಸ ಮಾಡುವುದಿಲ್ಲ ಅಂತಲ್ಲ. ಹಳೆಯದರ ಹೆಚ್ಚುಕಮ್ಮಿ ಎರಡರಷ್ಟು ಹಾಕಬೇಕಾಯಿತು, ಪೂರ್ತಿ ನಯವಾಗಲು ಒಂದೂವರೆ ಗಂಟೆ ಹಿಡಿಯಿತು. ಬಿಳಿ ಜಾಬ್ ಮುಗಿಸಿ ಬಂದರೆ ಮತ್ತೆ ಅದೇ ಕಥೆ. ಒಂದೇ ಮಾಲನ್ನು ವಾರಗಟ್ಟಲೆ ಓಡಿಸುವ ದೊಡ್ಡವರಿಗೆ ಒಂದೂವರೆ ಗಂಟೆ ಏನೂ ಅಲ್ಲ. ನನಗೆ ಅದು ಕಾಲು ಶಿಫ್ಟಿನ ಹತ್ತಿರ.

ಲಿಪ್ ಹೀಟ್ ಏರಿಸಿಯೂ ನೋಡಿದೆ. ತರಿ ಕಮ್ಮಿಯಾಯಿತು, ಬಬಲ್ ಕುಣಿಯತೊಡಗಿತು. ಡೈ ಗ್ಯಾಪ್ ಹೆಚ್ಚಿಸಿದರೂ ಆಗುತ್ತದಂತೆ, ಆದರೆ ಅದಕ್ಕೆ ಬೇರೆ ಡೈ ಬೇಕು, ಅಷ್ಟು ದುಡ್ಡಿಲ್ಲ.

ಎಲ್‌ಡಿಯಲ್ಲಿ ಕಾಯುವ ಮಾತೇ ಇಲ್ಲ. 100 ಕಿಲೋಗೆ 25 ಕಿಲೋ ಸೇರಿಸಿ ಹಾಪರ್‌ಗೆ ಸುರಿದರೆ, ಬ್ಯಾರೆಲ್‌ನ ಹಳೇ ಮಾಲು ಹೊರಗೆ ಬಂದ ಕೂಡಲೇ ಫಿಲ್ಮ್ ನಯ. ಅದರ ಸರಪಳಿಗೆ ಉದ್ದುದ್ದ ಕೊಂಬೆ, ಅದಕ್ಕೇ ಕರಗಿದಾಗ ಸುಲಭವಾಗಿ ಹರಿಯುತ್ತದೆ, ಬಬಲ್ ಕೂಡ ಗಟ್ಟಿಯಾಗಿ ನಿಲ್ಲುತ್ತದೆ. ಗೋಡೆಗೆ ಲೇಪ ಬೇಡ ಅಂದಮೇಲೆ ಫಿಲ್ಲರ್ ಉಜ್ಜಿಕೊಂಡು ಹೋಗಲು ಏನಿದೆ?

ನಷ್ಟವೂ ಇದೆ. ನಾನು ತಂದಾಗ ಕಿಲೋಗೆ ಎಲ್‌ಎಲ್‌ಡಿಗಿಂತ ರೇಟ್ ಜಾಸ್ತಿ ಇತ್ತು. ಫಿಲ್ಮ್ ಸ್ವಲ್ಪ ಬೇಗ ಹರಿದುಹೋಗುತ್ತದೆ. ದಪ್ಪ ಲೈನರ್‌ನಲ್ಲಿ ಯಾರೂ ದೂರಿಲ್ಲ. 25 ಮೈಕ್ರಾನ್‌ಗೆ ಇಳಿದರೆ ಮಡಿಕೆ ಬಿದ್ದ ಕಡೆ ಸೀಳುತ್ತದೆ.

ಹೊಸ ಪಿಪಿಎ ಮೂರು ಚೀಲ ಇನ್ನೂ ಮೂಲೆಯಲ್ಲಿದೆ. ತಿಂಗಳಿಗೊಮ್ಮೆ ತೆಳು ಜಾಬ್ ಬಂದಾಗ ತೆಗೆಯುತ್ತೇವೆ, ಅವತ್ತು ಆಪರೇಟರ್ ಒಂದೂವರೆ ಗಂಟೆ ಮೊದಲೇ ಬರುತ್ತಾನೆ. ಬಿಳಿ ಜಾಬ್ ಮಾತ್ರ ಮಾರನೇ ದಿನಕ್ಕೆ.