ಹಳೆಯ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 13: ಕೆಟ್ಟಾಗ ರಿಪೇರಿ ಎಷ್ಟು ಸುಲಭ?

ಮೂಲೆ ಸೇರಿದ್ದ ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪೊಂದಕ್ಕೆ ಡೆಬಿಯನ್ 13 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿ ಕೆಲವು ತಿಂಗಳಿಂದ ದಿನವೂ ಬಳಸುತ್ತಿದ್ದೇನೆ. ‘ಟ್ರಿಕ್ಸಿ’ ಎಂಬ ಹೆಸರಿನ ಈ ಆವೃತ್ತಿ 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಯಾವ ಲಿನಕ್ಸ್ ಆದರೂ ಒಂದಲ್ಲ ಒಂದು ದಿನ ತಕರಾರು ಮಾಡುತ್ತದೆ; ಆದ್ದರಿಂದ ನೆಟ್‌ವರ್ಕ್ ಸಿಗದಿದ್ದಾಗ, ಪ್ಯಾಕೇಜಿನ (ತಂತ್ರಾಂಶದ ಕಂತೆಯ) ಅಳವಡಿಕೆ ಅರ್ಧಕ್ಕೆ ನಿಂತಾಗ ಇದು ನಮಗೆ ಎಷ್ಟು ನೆರವಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೆಲ್ಲ ಡೆಬಿಯನ್ ಎಂದರೆ ವೈಫೈ ಕಾರ್ಡು ನಡೆಯಲು ಬೇಕಾದ ಫರ್ಮ್‌ವೇರ್ ಎಂಬ ತಂತ್ರಾಂಶ ಹುಡುಕುವ ಪಾಡು ಇದ್ದೇ ಇರುತ್ತಿತ್ತು. ಮುಕ್ತವಲ್ಲದ ಫರ್ಮ್‌ವೇರನ್ನೂ ಅಧಿಕೃತ ಅನುಸ್ಥಾಪಕದಲ್ಲೇ ಸೇರಿಸಬೇಕೆಂದು ಯೋಜನೆಯ ಸದಸ್ಯರು 2022ರಲ್ಲಿ ಮತ ಹಾಕಿ ನಿರ್ಧರಿಸಿದರು, 2023ರ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ನನ್ನ ಯಂತ್ರದಲ್ಲಿ ಯಾವ ಹೆಚ್ಚಿನ ಪೆನ್‌ಡ್ರೈವೂ ಇಲ್ಲದೆ ವೈಫೈ ಮೊದಲ ಸಲಕ್ಕೇ ಸಿಕ್ಕಿತು.

ತೊಡಕು ಬಂದದ್ದು ಆಮೇಲೆ. ಡೆಸ್ಕ್‌ಟಾಪ್ ಇಲ್ಲದ ಚಿಕ್ಕ ಅಳವಡಿಕೆಯನ್ನು ವೈಫೈ ಮೂಲಕವೇ ಮುಗಿಸಿ, ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪನ್ನೂ ನೆಟ್‌ವರ್ಕ್ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರನ್ನೂ ಅನಂತರ ಸೇರಿಸಿದ್ದೆ. ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅಕ್ಕನ ಮನೆಗೆ ಒಯ್ದಾಗ ಮಾತ್ರ ಅಲ್ಲಿನ ವೈಫೈ ಆರಿಸಿಕೊಳ್ಳಲು ದಾರಿಯೇ ಇರಲಿಲ್ಲ. ಟರ್ಮಿನಲ್ಲಿನಲ್ಲಿ ‘ಎನ್‌ಎಂಸಿಎಲ್‌ಐ ಡಿವೈಸ್’ ಎಂದು ಕೇಳಿದರೆ ವೈಫೈ ಕಾರ್ಡಿನ ಎದುರು ‘ಅನ್‌ಮ್ಯಾನೇಜ್ಡ್’ ಎಂದು ಬಂತು. ಅಂದರೆ ಕಾರ್ಡು ಕೆಟ್ಟಿಲ್ಲ, ಡ್ರೈವರೂ ಇದೆ, ಅದರ ಯಜಮಾನಿಕೆ ಮಾತ್ರ ಬೇರೆಯವರ ಕೈಯಲ್ಲಿದೆ. ಅಳವಡಿಸುವಾಗ ಕೊಟ್ಟ ನಮ್ಮ ಮನೆಯ ವೈಫೈ ಹೆಸರು ಪಾಸ್‌ವರ್ಡ್ ಸಮೇತ ‘ಇಂಟರ್‌ಫೇಸಸ್’ ಎಂಬ ಹಳೆಯ ಸಂರಚನಾ ಕಡತದಲ್ಲಿ ಕುಳಿತಿತ್ತು, ಆ ಕಡತದಲ್ಲಿ ಹೆಸರಿರುವ ಸಾಧನವನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಯಂತ್ರ ತನ್ನೊಂದಿಗೇ ಮಾತಾಡಲು ಬಳಸುವ ‘ಲೋ’ ಎಂಬ ಲೂಪ್‌ಬ್ಯಾಕ್ ಸಾಲುಗಳನ್ನು ಹಾಗೆಯೇ ಬಿಟ್ಟು, ವೈಫೈಗೆ ಸೇರಿದ ಸಾಲುಗಳ ಮುಂದೆ ಒಂದೊಂದು ಹ್ಯಾಶ್ (#) ಚಿಹ್ನೆ ಹಾಕಿ, ಅವು ಲೆಕ್ಕಕ್ಕೆ ಬಾರದಂತೆ ಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಸುತ್ತಲಿನ ವೈಫೈಗಳೆಲ್ಲ ಪಟ್ಟಿಯಲ್ಲಿ ಬಂದವು. ಈ ನಿಯಮ ನೆಟ್‌ವರ್ಕ್ ಮ್ಯಾನೇಜರ್ ಪ್ಯಾಕೇಜಿನೊಂದಿಗೆ ಬರುವ ರೀಡ್‌ಮಿ ಕಡತದಲ್ಲೇ ಇದೆ, ಆ ಕಡತ ನಮ್ಮ ಡಿಸ್ಕಿನಲ್ಲೇ ಇರುತ್ತದೆ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಓದಲು ಸಿಗುವ ಕೈಪಿಡಿಯ ಬೆಲೆ ನನಗೆ ಅವತ್ತು ಗೊತ್ತಾಯಿತು. ಹೊಸಬರು ಇದರ ಗೋಜೇ ಬೇಡವೆಂದರೆ ಅಳವಡಿಸುವಾಗಲೇ ಡೆಸ್ಕ್‌ಟಾಪ್ ಆರಿಸಿಕೊಳ್ಳುವುದು ಒಳ್ಳೆಯದು.

ಪ್ಯಾಕೇಜುಗಳ ವಿಷಯದಲ್ಲಿ ನನಗೆ ದೂರುವುದಕ್ಕೆ ಹೆಚ್ಚೇನೂ ಸಿಗಲಿಲ್ಲ. ಪ್ಯಾಕೇಜುಗಳನ್ನು ಸೇರಿಸುವ, ತೆಗೆಯುವ ಸಾಧನವಾದ ಹೊಸ ಆಪ್ಟ್ 3.0 ತಾನು ಸೇರಿಸುವುದನ್ನು ಹಸಿರಿನಲ್ಲಿಯೂ ತೆಗೆದುಹಾಕುವುದನ್ನು ಕೆಂಪಿನಲ್ಲಿಯೂ ತೋರಿಸಿ ಒಪ್ಪಿಗೆ ಕೇಳುತ್ತದೆ. ಕೆಂಪು ಪಟ್ಟಿ ಉದ್ದವಾಗಿದ್ದರೆ ಎಂಟರ್ ಒತ್ತುವ ಮೊದಲು ನಿಂತು ಓದಲೇಬೇಕು. ಬ್ಯಾಟರಿ ಸತ್ತ ಯಂತ್ರವಾದ್ದರಿಂದ ಒಮ್ಮೆ ಅಪ್‌ಗ್ರೇಡ್ ನಡುವೆಯೇ ಕರೆಂಟು ಹೋಗಿ ಎಲ್ಲವೂ ನಿಂತಿತು. ಮತ್ತೆ ಆಪ್ಟ್ ಓಡಿಸಿದಾಗ, ಪ್ಯಾಕೇಜುಗಳನ್ನು ಒಳಗಿನಿಂದ ಅಳವಡಿಸುವ ಡಿಪಿಕೆಜಿಯ ಕೆಲಸ ಅರ್ಧಕ್ಕೆ ನಿಂತಿದೆ, ಇಂಥ ಆದೇಶ ಕೊಡಿ ಎಂದು ಅದೇ ಹೇಳಿತು. ತೋರಿಸಿದ ‘ಡಿಪಿಕೆಜಿ’ ಆದೇಶವನ್ನು ‘ಕಾನ್ಫಿಗರ್’ ಆಯ್ಕೆಯೊಂದಿಗೆ ಸೂಪರ್‌ಯೂಸರ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಕೊಟ್ಟೆ. ಬಾಕಿ ಉಳಿದಿದ್ದ ಪ್ಯಾಕೇಜುಗಳು ಒಂದೊಂದಾಗಿ ಸಿದ್ಧಗೊಂಡವು. ಅವಲಂಬನೆಗಳು (ಒಂದು ಪ್ಯಾಕೇಜಿಗೆ ಬೇಕಾದ ಇತರ ಪ್ಯಾಕೇಜುಗಳು) ತಪ್ಪಿಹೋಗಿದ್ದರೆ ಆಪ್ಟಿನ ‘ಫಿಕ್ಸ್ ಬ್ರೋಕನ್’ ಆಯ್ಕೆ ಇದೆ. ಬೇರೆ ಲಿನಕ್ಸ್ ವಿತರಣೆಯ ಪ್ಯಾಕೇಜು ಭಂಡಾರವನ್ನು ಇದರಲ್ಲಿ ಬೆರೆಸುವ ದುಡುಕು ಮಾತ್ರ ಬೇಡ, ಆ ಗೋಜಲನ್ನು ಬಿಡಿಸುವುದು ನಿಜಕ್ಕೂ ಕಷ್ಟ.

ಕನ್ನಡ ಓದುವವರು ‘ಫಾಂಟ್ಸ್ ಕೆಎನ್‌ಡಿಎ’ ಎಂಬ ಪ್ಯಾಕೇಜನ್ನು ಮರೆಯದೆ ಹಾಕಿಕೊಳ್ಳಬೇಕು. ಗುಬ್ಬಿ, ನವಿಲು ಅಕ್ಷರಶೈಲಿಗಳು ಅದರೊಂದಿಗೇ ಬರುತ್ತವೆ. 32 ಬಿಟ್ ಪ್ರೊಸೆಸರಿನ ಹಳೆಯ ಪಿಸಿ ಇರುವವರಿಗೆ ಈ ಆವೃತ್ತಿಯಲ್ಲಿ ಅನುಸ್ಥಾಪಕವೇ ಇಲ್ಲ. ಅಂಥ ಯಂತ್ರಗಳೇ ನಮ್ಮ ಹಲವು ಶಾಲೆಗಳ ಕೋಣೆಗಳಲ್ಲಿ ಇನ್ನೂ ಇರುವುದರಿಂದ ಆ ನಿರ್ಧಾರ ನನಗೆ ನೋವು ತಂದಿದೆ. ಡೌನ್‌ಲೋಡ್ ಮಾಡುವ ಮೊದಲು ಲಿನಕ್ಸಿನ ‘ಎಲ್‌ಎಸ್‌ಸಿಪಿಯು’ ಆದೇಶ ಕೊಟ್ಟು ನಿಮ್ಮ ಪ್ರೊಸೆಸರ್ 64 ಬಿಟ್ಟಿನದೇ ಎಂದು ನೋಡಿಕೊಳ್ಳಿ.