ಡಿ7200 ಸಾಕಾ, ಡಿ750 ಬೇಕಾ? ಫುಲ್ ಫ್ರೇಮ್ ಹಿಡಿದು ನೋಡಿದ ಮೇಲೆ

ಶಿರಸಿ ಕಡೆ ಕ್ಯಾಮೆರಾ ಇಟ್ಟುಕೊಂಡವರಿಗೆ ಸಾಮಾನ್ಯವಾಗಿ ಎರಡು ಹುಚ್ಚು. ರಾತ್ರಿ ಯಕ್ಷಗಾನ, ಹಗಲು ಹಕ್ಕಿ. ನನಗೆ ಎರಡೂ ಇವೆ, ತೊಂದರೆ ಶುರುವಾಗೋದೇ ಅಲ್ಲಿ. ಆಟದ (ಯಕ್ಷಗಾನದ) ಫೋಟೋ ನೋಡಿದವರು "ಫುಲ್ ಫ್ರೇಮ್ ತಗೊಳ್ಳಿ ಮಾರಾಯ್ರೆ" ಅನ್ನುತ್ತಾರೆ. ಹಕ್ಕಿ ಫೋಟೋ ನೋಡಿದವರು ಹಾಗೆ ಅನ್ನುವುದಿಲ್ಲ.

ನನ್ನ ಹತ್ತಿರ ಇರುವುದು ನಿಕಾನ್ ಡಿ7200. 2015ರ ಮಾಡೆಲ್, ಕ್ರಾಪ್ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್ ಫುಲ್ ಫ್ರೇಮಿನದ್ದಕ್ಕಿಂತ ಚಿಕ್ಕದು. ಹೊನ್ನಾವರದ ನಮ್ಮ ಭಾವ ಮದುವೆ ಫೋಟೋ ತೆಗೆಯುತ್ತಾನೆ. ಅವನು ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಕ್ಕೆ) ಹೋದ ಮೇಲೆ ಹಳೆಯ ಫುಲ್ ಫ್ರೇಮ್ ಡಿ750 ಕಪಾಟಿನಲ್ಲಿ ಸುಮ್ನೆ ಕೂತಿತ್ತು. "ಇಟ್ಕೊಂಡು ನೋಡು ಭಾವ, ಹಿಡಿಸಿದರೆ ದುಡ್ಡಿನ ಮಾತು" ಅಂದ. ಜೊತೆಗೆ 24-70 ಎಫ್/2.8 ಲೆನ್ಸನ್ನೂ ಕೊಟ್ಟ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ). ಆಸೆ ಹುಟ್ಟಿಸುವುದು ಅವನಿಗೆ ಚೆನ್ನಾಗಿ ಗೊತ್ತು.

ಎರಡೂ 24 ಮೆಗಾಪಿಕ್ಸೆಲ್. ಡಿ750 2014ರದ್ದು, ಹಾಗಾಗಿ ಇದು ಹಳತು-ಹೊಸತರ ಜಗಳ ಅಲ್ಲ. ವ್ಯತ್ಯಾಸ ಸೆನ್ಸರ್ ಅಳತೆಯದ್ದು. ಫುಲ್ ಫ್ರೇಮ್ ಸುಮಾರು 36×24 ಎಂಎಂ, ನನ್ನದು ಸುಮಾರು 23.5×15.6. ವಿಸ್ತೀರ್ಣ ಹೆಚ್ಚುಕಡಿಮೆ 2.3 ಪಟ್ಟು. ಲೆಕ್ಕಕ್ಕೆ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಸ್ವಲ್ಪ ಜಾಸ್ತಿ ಬೆಳಕು. ಐಎಸ್‌ಒ ಏರಿಸಿದರೆ ಕಡಿಮೆ ಬೆಳಕಿನಲ್ಲೂ ಫೋಟೋ ಬರುತ್ತದೆ, ಆದರೆ ಚುಕ್ಕಿ ಏಳುತ್ತದೆ. ಅಂದರೆ ಡಿ750ರಲ್ಲಿ ಐಎಸ್‌ಒ 6400 ಇಟ್ಟು ತೆಗೆದ ಫೋಟೋ, ನನ್ನದರಲ್ಲಿ 2800ರ ಆಸುಪಾಸಿನಲ್ಲಿ ತೆಗೆದ ಹಾಗೆ ಕಾಣಬೇಕು.

ಮೊದಲು ಆಟಕ್ಕೆ ಒಯ್ದೆ. ವೇಷಧಾರಿ ಗಿರಕಿ ಹೊಡೆಯುವಾಗ ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಸಿದರೆ ಕೈ, ಸೆರಗು ಎಲ್ಲ ಮಸುಕು. ನನ್ನ 18-140 ಜೂಮನ್ನು ಪೂರ್ತಿ ಎಳೆದರೆ ಎಫ್/5.6, ಆಗ ಐಎಸ್‌ಒ ಹತ್ತು ಸಾವಿರ ದಾಟುತ್ತದೆ. ಕೇದಗೆ ಮುಂದಲೆಯ (ವೇಷದ ತಲೆಯ ಮುಂಡಾಸಿನ) ಕಪ್ಪು ಬಟ್ಟೆಯ ಮೇಲೆ ಜರಿಪಟ್ಟಿ ಸುತ್ತಿರುತ್ತಾರಲ್ಲ, ಆ ಕಪ್ಪಿನಲ್ಲಿ ಬಣ್ಣಬಣ್ಣದ ಚುಕ್ಕಿ ಏಳುತ್ತದೆ. ಕಣ್ಣಿಗೆ ತೀಡಿದ ಕಾಡಿಗೆಯ ಅಂಚು ಕದಡಿ ಹೋಗುತ್ತದೆ. ಅದೇ ರಂಗಸ್ಥಳದಲ್ಲಿ ಡಿ750ಕ್ಕೆ ಎಫ್/2.8 ಲೆನ್ಸ್ ಹಾಕಿದರೆ ಕಾಡಿಗೆ ಕಾಡಿಗೆಯಾಗಿಯೇ ಉಳಿಯಿತು. ಎದೆಕಟ್ಟಿನ ಮಣಿ ಒಂದೊಂದೂ ಬೇರೆ ಬೇರೆ ಕಂಡಿತು. ಆ ರಾತ್ರಿ ಯಾರಾದರೂ ಕೇಳಿದ್ದರೆ ಡಿ7200 ಮಾರಿಯೇ ಬಿಡುತ್ತಿದ್ದೆ.

ಆದರೆ ಇದು ನ್ಯಾಯವಾದ ಹೋಲಿಕೆ ಅಲ್ಲ. ಎಫ್/5.6ರಿಂದ ಎಫ್/2.8 ಅಂದರೆ ಎರಡು ಸ್ಟಾಪ್. ಅದು ಲೆನ್ಸ್ ಕೊಟ್ಟ ಬೆಳಕು, ಸೆನ್ಸರ್ ಕೊಟ್ಟಿದ್ದಲ್ಲ. ಹಾಗಾಗಿ ಇನ್ನೊಂದು ಆಟದಲ್ಲಿ ಎರಡಕ್ಕೂ ಒಂದೇ 50 ಎಂಎಂ ಎಫ್/1.8 ಹಾಕಿ ನೋಡಿದೆ. ಐಎಸ್‌ಒ 1600ರಲ್ಲಿ ತೆಗೆದ ಫೋಟೋಗಳನ್ನು ಫೋನಿನಲ್ಲಿ ನೋಡಿದರೆ ಯಾವುದು ಯಾವುದರದ್ದು ಅಂತ ಹೇಳಲು ಬರಲಿಲ್ಲ. 6400ಕ್ಕೆ ಹೋದಾಗ ಡಿ750 ಎದ್ದು ಕಾಣಿಸಿತು, ಅದೂ ನೆರಳಿನ ಭಾಗದಲ್ಲಿ. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ಮೊದಲ ರಾತ್ರಿ ಕಂಡಷ್ಟಿಲ್ಲ. ಇನ್ನೂ ಒಂದು ಮಾತು: ನನ್ನ ಕ್ಯಾಮೆರಾ ಎಫ್/1.8ರಲ್ಲಿ, ಭಾವನದ್ದು ಎಫ್/2.8 ಜೂಮಿನಲ್ಲಿ ಇದ್ದರೆ ಎರಡೂ ಹೆಚ್ಚುಕಡಿಮೆ ಸಮ. ಆ ಜೂಮು ಹೊಸದು ಕೊಂಡರೆ ಲೆನ್ಸ್ ಒಂದಕ್ಕೇ ಲಕ್ಷದ ಮೇಲೆ.

ಡಿ750ರಲ್ಲಿ ನನಗೆ ಸಿಟ್ಟು ಬಂದಿದ್ದು ಫೋಕಸ್ ಪಾಯಿಂಟ್ ವಿಷಯಕ್ಕೆ. ಎರಡರಲ್ಲೂ 51 ಪಾಯಿಂಟ್. ಆದರೆ ಡಿ750ರಲ್ಲಿ ಅವೆಲ್ಲ ನಡುವೆ ಒಟ್ಟಾಗಿ ಕೂತಿವೆ. ಡಿ7200ರಲ್ಲಿ ಅಂಚಿನ ಹತ್ತಿರದವರೆಗೂ ಹರಡಿವೆ. ನಿಂತ ವೇಷವನ್ನು ಕಿರೀಟದಿಂದ ಗೆಜ್ಜೆಯವರೆಗೆ ಉದ್ದ ಫ್ರೇಮಿನಲ್ಲಿ ಹಿಡಿದರೆ ಮುಖ ಮೇಲಿನ ಭಾಗಕ್ಕೆ ಬರುತ್ತದೆ. ಡಿ750ರ ಪಾಯಿಂಟ್ ಅಲ್ಲಿಗೆ ಮುಟ್ಟುವುದೇ ಕಷ್ಟ. ಎದೆಕಟ್ಟಿಗೆ ಫೋಕಸ್ ಮಾಡಿ, ಕ್ಯಾಮೆರಾ ಮೇಲೆತ್ತಿ ಒತ್ತುವಷ್ಟರಲ್ಲಿ ಭಾಗವತರು ಪದ ಎತ್ತಿಯಾಗಿರುತ್ತದೆ, ವೇಷ ಹೊರಟು ಹೋಗಿರುತ್ತದೆ. ಈಗಿನ ಮಿರರ್‌ಲೆಸ್‌ಗಳಲ್ಲಿ ಪಾಯಿಂಟ್ ಬಹುತೇಕ ಇಡೀ ಫ್ರೇಮಿಗೆ ಇರುವುದರಿಂದ ಈ ರಗಳೆ ಇಲ್ಲ. ಇನ್ನು ಕೆಲವು ಎಲ್‌ಇಡಿ ದೀಪದ ಕೆಳಗೆ ಎರಡರಲ್ಲೂ ಫೋಟೋದಿಂದ ಫೋಟೋಗೆ ಬಣ್ಣ ಬದಲಾಗುತ್ತಿತ್ತು. ಅದಕ್ಕೂ ಸೆನ್ಸರ್ ಅಳತೆಗೂ ಸಂಬಂಧವಿಲ್ಲ.

ಹೋಳಿ ಹೊತ್ತಿಗೆ ರಾತ್ರಿ ಬೀದಿಯಲ್ಲಿ ಕುಣಿಯುವ ಶಿರಸಿಯ ಬೇಡರ ವೇಷದಲ್ಲಿ ಮಾತ್ರ ಡಿ750 ಸಲೀಸಾಗಿ ಗೆದ್ದಿತು. ರಂಗಸ್ಥಳದ ಹಾಗೆ ಅಲ್ಲಿ ಬೆಳಕು ಒಂದೇ ಸಮ ಇರುವುದಿಲ್ಲ. ಬೀದಿ ದೀಪ, ಅಂಗಡಿ ದೀಪ, ನಡುವೆ ಕತ್ತಲೆ. ಬೇಡ ನುಗ್ಗಿ ಬರುತ್ತಾನೆ, ಜನ ಹಿಂದೆ ಸರಿಯುತ್ತಾರೆ. ಸೆಟ್ಟಿಂಗ್ ತಿದ್ದಲು ಪುರುಸೊತ್ತೇ ಇಲ್ಲ. ಕಪ್ಪಗೆ ಬಂದ ಫೋಟೋವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದಾಗ ಡಿ750 ಹೆಚ್ಚು ತಡೆದುಕೊಂಡಿತು.

ಇನ್ನು ಹಕ್ಕಿ. ದಾಂಡೇಲಿ ಕಡೆ ಮಂಗಟ್ಟೆ (ಹಾರ್ನ್‌ಬಿಲ್) ಹಣ್ಣಿನ ಮರದ ತುದಿಯಲ್ಲೇ ಕೂರುತ್ತದೆ, ನಮಗಾಗಿ ಕೆಳಗೆ ಇಳಿಯುವುದಿಲ್ಲ. ಸೆನ್ಸರ್ ಚಿಕ್ಕದಾದ್ದರಿಂದ ನನ್ನ 200-500 ಲೆನ್ಸ್ ಡಿ7200ರ ಮೇಲೆ 750 ಎಂಎಂ ಕೊಡುವಷ್ಟು ಹತ್ತಿರ ತರುತ್ತದೆ. ಡಿ750ರ ಮೇಲೆ 500 ಅಂದರೆ 500 ಅಷ್ಟೇ. ಹಕ್ಕಿಯನ್ನು ಅಷ್ಟೇ ದೊಡ್ಡದು ಮಾಡಲು ಫೋಟೋ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಸುಮಾರು 10. "ನಾಯ್ಸ್ (ಚುಕ್ಕಿ) ಕಡಿಮೆ ಇರುತ್ತಲ್ಲ" ಅಂತ ಭಾವ ವಾದಿಸಿದ. ಇರಲ್ಲ. ಫೋಟೋ ಕತ್ತರಿಸಿದ ಮೇಲೆ ಉಳಿಯುವುದು ಕ್ರಾಪ್ ಸೆನ್ಸರಿನಷ್ಟೇ ಜಾಗ, ಅಷ್ಟೇ ಬೆಳಕು. ಕೊಟ್ಟ ದುಡ್ಡು ಆ ಕತ್ತರಿಸಿದ ಭಾಗದಲ್ಲಿ ಹೋಯಿತು. ಲೆನ್ಸಿನ ಅಳತೆ 1.4 ಪಟ್ಟು ಮಾಡುವ ಕನ್ವರ್ಟರ್ ಹಾಕಿದರೆ 700 ಎಂಎಂ ಸಿಗುತ್ತದೆ ನಿಜ, ಆದರೆ ಎಫ್/8ಕ್ಕೆ ಇಳಿಯುತ್ತದೆ. ನಮ್ಮ ಕಾಡಿನ ಸಂಜೆ ಬೆಳಕಿಗೆ ಎಫ್/8 ಎಲ್ಲಿ ಸಾಲುತ್ತದೆ?

ಕಾರವಾರದ ಬೈತಖೋಲ್ ಬಂದರಿನಲ್ಲಿ ಈ ಲೆಕ್ಕ ಸ್ವಲ್ಪ ತಲೆಕೆಳಗು. ಮೀನಿನ ದೋಣಿ ಬಂದಾಗ ಗರುಡಗಳು ತಲೆಯ ಮೇಲೇ ಎರಗುತ್ತವೆ. ಅಲ್ಲಿ ನನ್ನ ಕ್ಯಾಮೆರಾದಲ್ಲಿ ರೆಕ್ಕೆ ಫ್ರೇಮಿನ ಹೊರಗೆ ಹೋಗುತ್ತಿತ್ತು, ಡಿ750 ಹಿತವಾಯಿತು. ಆದರೆ ಜೂಮನ್ನು ಸುಮಾರು 330ಕ್ಕೆ ತಂದರೆ ಡಿ7200ರಲ್ಲೂ ಅದೇ ಫ್ರೇಮ್ ಬರುತ್ತದೆ ಅಲ್ವಾ?

ಉಂಚಳ್ಳಿ ಜಲಪಾತ, ಯಾಣದ ಬಂಡೆ, ಟ್ರೈಪಾಡ್ ಮೇಲೆ ಐಎಸ್‌ಒ 100: ಎರಡೂ ಒಂದೇ. ಇದಕ್ಕಾಗಿ ಫುಲ್ ಫ್ರೇಮ್ ಕೊಳ್ಳುವವರು ಕೊಳ್ಳಲಿ, ನಾನು ಕೊಳ್ಳಲ್ಲ. ತೂಕದ ಮಾತನ್ನು ಎಲ್ಲರೂ ಆಡುತ್ತಾರೆ, ಆದರೆ ಬ್ಯಾಟರಿ ಸೇರಿ ಡಿ750 840 ಗ್ರಾಂ, ಡಿ7200 765. ಕುತ್ತಿಗೆ ನೋಯಿಸುವುದು ಬಾಡಿ ಅಲ್ಲ, ಅದರ ಲೆನ್ಸು.

ಡಿ750 ವಾಪಸ್ ಕೊಟ್ಟೆ. ಅದೇ ದುಡ್ಡಿನ ಒಂದು ಭಾಗದಲ್ಲಿ 85 ಎಂಎಂ ಎಫ್/1.8 ತಂದೆ. ತೂಕ 350 ಗ್ರಾಂ. ಮುಂದಿನ ಸಾಲಿನಲ್ಲಿ ಕೂತರೆ ಮುಖದಿಂದ ಸೊಂಟದವರೆಗೆ ಸರಿಯಾಗಿ ತುಂಬುತ್ತದೆ. ಅದು ಫುಲ್ ಫ್ರೇಮಿಗೂ ಆಗುವ ಲೆನ್ಸ್, ಮುಂದೆ ಮನಸ್ಸು ಬದಲಾದರೂ ಜೊತೆಗೆ ಬರುತ್ತದೆ. ನನ್ನ 18-140 ಬರುವುದಿಲ್ಲ, ಅದನ್ನು ಡಿ750ಕ್ಕೆ ಹಾಕಿದರೆ ಕ್ಯಾಮೆರಾ ತಾನೇ ಕ್ರಾಪ್‌ಗೆ ಇಳಿದು 10 ಮೆಗಾಪಿಕ್ಸೆಲ್ ಕೊಡುತ್ತದೆ. ಉಳಿದ ದುಡ್ಡಲ್ಲಿ ಡ್ರೈ ಕ್ಯಾಬಿನೆಟ್ ತಗೊಳ್ಳುವ ಯೋಚನೆ ಇದೆ. ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಹಿಡಿಯುವ ಬೂಸ್ಟು ಸೆನ್ಸರ್ ಅಳತೆ ಕೇಳಿ ಬರುವುದಿಲ್ಲ.

ನೀವು ಮದುವೆ ಮತ್ತು ಆಟ ಎರಡೇ ತೆಗೆಯುವವರಾದರೆ ನನ್ನ ಮಾತು ಬಿಡಿ, ಫುಲ್ ಫ್ರೇಮ್ ತಗೊಳ್ಳಿ. ಆದರೆ ಒಳ್ಳೆ ಲೆನ್ಸಿಗೂ ಸೇರಿಸಿಯೇ ದುಡ್ಡು ಎಣಿಸಿಕೊಳ್ಳಿ. ಡಿ750ಯನ್ನೇ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ. ಅದನ್ನು ಪರೀಕ್ಷಿಸಿರುವುದು 1,50,000 ಸಲಕ್ಕೆ. 2014ರಲ್ಲಿ ತಯಾರಾದ ಕೆಲವು ಡಿ750ಗಳ ಶಟರ್ ತೊಂದರೆಗೆ ಕಂಪನಿಯೇ 2015ರಲ್ಲಿ ಉಚಿತ ರಿಪೇರಿ ಘೋಷಿಸಿತ್ತು. ನಿಮಗೆ ಸಿಗುವುದು ಆ ಕಾಲದ್ದಾದರೆ, ರಿಪೇರಿ ಆಗಿದೆಯಾ ಅಂತ ಮೊದಲು ವಿಚಾರಿಸಿ.